ಮಿನಿಕಾಯ್ ಬೆನ್ನಿಗೆ ಮೋಡದ ಬಾಲ

ಐದು ಚದರ ಕಿ.ಮೀ. ಕೂಡ ಇಲ್ಲದ ಲಕ್ಷದ್ವೀಪದ ಮಿನಿಕಾಯ್ ಮೋಡ ಎಬ್ಬಿಸೀತೇ, ಎಬ್ಬಿಸಿದರೂ ಉಪಗ್ರಹಕ್ಕೆ ಕಂಡೀತೇ ಎಂದು ಇಲ್ಲಿ ಪುಣೆಯ ಪಾಷಾಣ್ ಬಡಾವಣೆಯಲ್ಲಿ ನಮ್ಮ ಕನ್ನಡ ಗೆಳೆಯರೇ ಅಡ್ಡಡ್ಡ ತಲೆಯಾಡಿಸಿದ್ದರು. ಕಂಡಿದೆ. ಬಿಡಿ ಚಿತ್ರದಲ್ಲಲ್ಲ, ನಾಸಾದ ಟೆರಾ, ಆಕ್ವಾ ಉಪಗ್ರಹಗಳ ಮೇಲಿರುವ ಮೋಡಿಸ್ ಉಪಕರಣದ ಆರೇಳು ನೂರು ಚಿತ್ರ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದ ಮೇಲೆ.

ಯಾವ ಪಿಕ್ಸೆಲ್ ಮೋಡ, ಯಾವುದಲ್ಲ ಎಂದು ಗುರುತು ಹಾಕಿಕೊಡುವ ಸಿದ್ಧ ಮೋಡ-ಮಾಸ್ಕ್ ನಂಬಿ ಮೊದಲು ಕೆಟ್ಟೆ. ಪಡುವಣ ಲಗೂನಿನ ತಿಳಿನೀರು, ಬಿಳಿ ಮರಳು ಹೊಳೆದು ಮೋಡದ ಲೆಕ್ಕಕ್ಕೆ ಸೇರುತ್ತವೆ. ಸರಾಸರಿಯಲ್ಲಿ ದ್ವೀಪದ ಮೇಲೆ ಕಾಯಂ ಮೋಡ! ಮಾಸ್ಕ್ ಬಿಟ್ಟು, ಕೆಂಪು ಬೆಳಕನ್ನಷ್ಟೇ ಅಳೆಯುವ, ಪಿಕ್ಸೆಲ್ 250 ಮೀಟರಿನ ಬ್ಯಾಂಡಿಗೆ ಬಂದೆ. ಪ್ರತಿ ಪಿಕ್ಸೆಲ್‌ಗೆ 30 ದಿನಗಳ ಹೊಳಪಿನ ಮೌಲ್ಯಗಳನ್ನು ಏರುಕ್ರಮದಲ್ಲಿ ಜೋಡಿಸಿ, ಕೆಳಗಿನಿಂದ ನಾಲ್ಕನೆಯದನ್ನೋ ಐದನೆಯದನ್ನೋ ಹಿನ್ನೆಲೆ ಎಂದು ಹಿಡಿಯಬೇಕು. ತೀರಾ ಕೆಳಗಿನದು ಬೇಡ, ಅದು ಮೋಡದ ನೆರಳಾಗಿರುತ್ತದೆ. ಹಿನ್ನೆಲೆಗಿಂತ ಎಷ್ಟು ಹೆಚ್ಚಿದ್ದರೆ ಮೋಡ ಎಂಬ ಹೊಸ್ತಿಲನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೇ ಮೂರು ತಿಂಗಳು ಹೋಗಿದೆ. ಕಡಲಿನ ಮೇಲೆ ಸೂರ್ಯ ಕನ್ನಡಿಯಂತೆ ಹೊಳೆಯುವುದು ಗ್ಲಿಂಟ್; ಅದರ ಕೋನ 36 ಡಿಗ್ರಿಗಿಂತ ಕಡಿಮೆ ಇದ್ದದ್ದನ್ನೂ, ಪಿಕ್ಸೆಲ್ ಹಿಗ್ಗುವ ಅಂಚಿನ ಚಿತ್ರಗಳನ್ನೂ ಎಸೆದೆ. ಅರ್ಧಕ್ಕರ್ಧ ಹೋಯಿತು.

ಆಮೇಲೆ ಗಾಳಿ. ಎಲ್ಲ ಚಿತ್ರಗಳಲ್ಲೂ ಗಾಳಿ ಒಂದೇ ದಿಕ್ಕಿಗೆ ಬರುವಂತೆ ತಿರುಗಿಸದೆ ಪೇರಿಸಿದರೆ, ದ್ವೀಪದಿಂದ ಗಾಳಿಗುಂಟ ಚಾಚುವ ಮೋಡದ ಬಾಲ ಕಲಸಿಹೋಗುತ್ತದೆ. ಹಳೆಯ ಹವಾಮಾನವನ್ನು ಗಂಟೆಗಂಟೆಗೆ ಲೆಕ್ಕ ಕಟ್ಟಿಕೊಡುವ ಯುರೋಪಿನ ಇಆರ್‌ಎ5 ದತ್ತಾಂಶದಿಂದ 10 ಮೀಟರ್ ಎತ್ತರದ ಗಾಳಿ ಹಿಡಿದು ತಿರುಗಿಸಿದೆ, ಬಾಲ ಡೊಂಕಾಯಿತು. 925 ಹೆಕ್ಟೋಪಾಸ್ಕಲ್ ಒತ್ತಡದ ಮಟ್ಟದ, ಅಂದರೆ ಸುಮಾರು 750 ಮೀಟರ್ ಎತ್ತರದ, ಗಾಳಿಗೆ ಬದಲಿಸಿದ ಮೇಲೆ ನೆಟ್ಟಗಾಯಿತು: ಗಾಳಿಯ ಕೆಳಬದಿಗೆ ಸುಮಾರು 20 ಕಿ.ಮೀ. ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ ಇರುವ ದಿನಗಳನ್ನು ಬೇರೆ ಇಡಿ; ಆಗ ಮೋಡ ಬಾಲ ಚಾಚದೆ ನೆತ್ತಿಯ ಮೇಲೇ ಕೂರುತ್ತದೆ. ಟೆರಾದ ಬೆಳಗಿನ ಹತ್ತೂವರೆಯ ಚಿತ್ರದಲ್ಲಿ ಬಾಲ ಮಸುಕು, ನೆಲ ಕಾದ ಮೇಲೆ ಬರುವ ಆಕ್ವಾದ ಮಧ್ಯಾಹ್ನ ಒಂದೂವರೆಯದರಲ್ಲಿ ಸ್ಪಷ್ಟ. 2019ರವರೆಗಿನ ಚಿತ್ರಗಳನ್ನಷ್ಟೇ ಬಳಸಿ, ಆಮೇಲೆ ಉಪಗ್ರಹ ಹಾಯುವ ಹೊತ್ತು ಸರಿದಿದೆ. ಅನುಮಾನದವರಿಗೆ ಉತ್ತರವಾಗಿ 150 ಕಿ.ಮೀ. ಆಚೆಯ ಬರಿ ಕಡಲಿನ ಮೇಲೂ ಇದೇ ಲೆಕ್ಕ ಓಡಿಸಿದೆ. ಅಲ್ಲಿ ಬಾಲವಿಲ್ಲ.

ಡೇಟಾ ಪುಕ್ಕಟೆ, ಖರ್ಚು ಬೇರೆ ಕಡೆ. ಪೂರ್ತಿ ಗ್ರ್ಯಾನ್ಯೂಲ್ (ಉಪಗ್ರಹ ಐದು ನಿಮಿಷದಲ್ಲಿ ತೆಗೆದ ಚಿತ್ರದ ಕಡತ) ಇಳಿಸಿ ಬಾಡಿಗೆ ಸರ್ವರಿನಲ್ಲಿ ಬಿಡಿಸಹೋಗಿ ಎರಡು ತಿಂಗಳಲ್ಲಿ ಹನ್ನೊಂದು ಸಾವಿರ ರೂಪಾಯಿಯಷ್ಟು ದಂಡವಾಯಿತು. ಈ ಚಿತ್ರಗಳನ್ನು ಹಂಚುವ ನಾಸಾದ ಜಾಲತಾಣ ಲ್ಯಾಡ್ಸ್‌ನಲ್ಲೇ ಪ್ರದೇಶ ಕತ್ತರಿಸಿ ಆರ್ಡರ್ ಮಾಡಿದ್ದರೆ ಮನೆಯ ಲ್ಯಾಪ್‌ಟಾಪ್, 2 ಟಿಬಿ ಡಿಸ್ಕ್ ಸಾಕಿತ್ತು.

ನಡುವೆ ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಚಿತ್ರಗಳಲ್ಲಿ ಮೋಡದ ಎತ್ತರವನ್ನೂ ಅಳೆದೆ. ಕಪ್ಪು ಕಡಲಲ್ಲಿ ನೆರಳು ಸಿಗುವುದಿಲ್ಲ, ಲಗೂನಿನ ಮೇಲೆ ಚೆನ್ನಾಗಿ ಬೀಳುತ್ತದೆ. ಸೂರ್ಯ 55 ಡಿಗ್ರಿ ಮೇಲಿದ್ದು ನೆರಳು 500 ಮೀಟರ್ ದೂರ ಬಿದ್ದರೆ ಮೋಡ 700 ಮೀಟರ್ ಎತ್ತರದಲ್ಲಿದೆ.

ಈಗ ಲಕ್ಷದ್ವೀಪದ್ದೇ ಇನ್ನೊಂದು ದ್ವೀಪ ಆಂಡ್ರೋತ್ ಹಿಡಿದಿದ್ದೇನೆ. ಅದು ಪೂರ್ವ-ಪಶ್ಚಿಮವಾಗಿ ಮಲಗಿದೆ, ಲಗೂನು ತೀರಾ ಚಿಕ್ಕದು. ಹಿನ್ನೆಲೆಯ ರಗಳೆ ಕಡಿಮೆ. ಗಾಳಿ ಉದ್ದಕ್ಕೆ ಬೀಸಿದ ದಿನಗಳಲ್ಲಿ ಬಾಲ ಮಿನಿಕಾಯ್‌ದಕ್ಕಿಂತ ಕಿರಿದು, ಆದರೆ ದಟ್ಟ.