ಹೈಫನ್ನೋ, ಅಂಡರ್‌ಸ್ಕೋರೋ? ಕೀಬೋರ್ಡ್ ಗೊಂದಲ ಬಿಡಿಸಿಕೊಳ್ಳಿ

ಇಮೇಲ್ ವಿಳಾಸ ಕೇಳಿದರೆ ‘ಮಧ್ಯೆ ಒಂದು ಗೆರೆ ಇದೆ ನೋಡಿ’ ಅನ್ನುವವರೇ ಜಾಸ್ತಿ. ಯಾವ ಗೆರೆ? ಕೇಳಿಸಿಕೊಂಡವರು ತಮಗೆ ತೋಚಿದ್ದನ್ನು ಹಾಕುತ್ತಾರೆ, ಮೇಲ್ ವಾಪಸ್ ಬರುತ್ತದೆ. ಕೆಳಗಿನದೆಲ್ಲ ಅಮೆರಿಕನ್ ವಿನ್ಯಾಸದ ಕೀಬೋರ್ಡ್ ಲೆಕ್ಕದಲ್ಲಿ ಹೇಳಿದ್ದು.

1. ಸ್ಲ್ಯಾಶ್ ಗುರುತಿಸಿ

ಪ್ರಶ್ನೆ ಚಿಹ್ನೆಯ ಕೀಲಿಯಲ್ಲಿ ಇರುವುದು ಸ್ಲ್ಯಾಶ್ (/). ವೆಬ್ ವಿಳಾಸಕ್ಕೆ ಇದೇ. ಎಂಟರ್ ಹತ್ತಿರದ್ದು ಬ್ಯಾಕ್‌ಸ್ಲ್ಯಾಶ್ (\), ವಿಂಡೋಸ್ ಫೋಲ್ಡರ್‌ಗಳ ದಾರಿ ಬರೆಯಲು. ವಿಂಡೋಸ್‌ಗೂ ಮೊದಲಿದ್ದ ಆಪರೇಟಿಂಗ್ ಸಿಸ್ಟಂ ಡಾಸ್‌ನ 1983ರ 2.0 ಆವೃತ್ತಿಯಲ್ಲಿ ಒಳಫೋಲ್ಡರ್‌ಗಳು ಬರುವ ಹೊತ್ತಿಗೆ ಕಮಾಂಡ್‌ಗಳಿಗೆ (ಟೈಪ್ ಮಾಡಿ ಕೊಡುವ ಆದೇಶಗಳಿಗೆ) ಆಯ್ಕೆ ಸೇರಿಸಲು ಸ್ಲ್ಯಾಶ್ ಬಳಕೆಯಾಗಿಬಿಟ್ಟಿತ್ತು. ಹಾಗಾಗಿ ಇನ್ನೊಂದನ್ನು ಹಿಡಿಯಬೇಕಾಯಿತು.

2. ಗೆರೆಗಳನ್ನು ಬೇರೆ ಮಾಡಿ

ಎಡವುವುದು ಇಲ್ಲೇ. ನೋಟ್‌ಪ್ಯಾಡ್ ತೆರೆದು ಸೊನ್ನೆಯ ಬಲಕ್ಕಿರುವ ಕೀಲಿ ಒತ್ತಿ: ಹೈಫನ್ (-). ಶಿಫ್ಟ್ ಹಿಡಿದು ಅದನ್ನೇ ಒತ್ತಿ: ಅಂಡರ್‌ಸ್ಕೋರ್ (_), ಸಾಲಿನ ತಳಕ್ಕೆ ಕೂರುತ್ತದೆ. ಉದ್ದನೆಯ ಡ್ಯಾಶ್‌ಗೆ (–) ಸ್ವಂತ ಕೀಲಿಯೇ ಇಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ನಂಬರ್ ಪ್ಯಾಡ್‌ನಲ್ಲಿ 0150 ಒತ್ತಬೇಕು. ಆದರೂ ಅದು ಎಲ್ಲಾ ಕಡೆ ನುಗ್ಗುತ್ತದೆ, ಯಾಕೆಂದರೆ ವರ್ಡ್ ನಿಮ್ಮನ್ನು ಕೇಳದೆಯೇ ಹೈಫನ್ನನ್ನು ಡ್ಯಾಶ್ ಮಾಡಿಬಿಡುತ್ತದೆ. ಅಲ್ಲಿಂದ ಕಾಪಿ ಮಾಡಿದ ಕಮಾಂಡ್ ಓಡುವುದಿಲ್ಲ. ಕಣ್ಣಿಗೆ ಎಲ್ಲಾ ಸರಿಯಾಗೇ ಕಾಣುತ್ತದೆ, ಕಂಪ್ಯೂಟರ್‌ಗೆ ಮಾತ್ರ ಅದು ಬೇರೆಯದೇ ಅಕ್ಷರ. ಡ್ಯಾಶ್ ಅಳಿಸಿ ಹೈಫನ್ ಒತ್ತಿ, ಓಡುತ್ತದೆ.

ಅಂಡರ್‌ಸ್ಕೋರ್‌ನದು ಇನ್ನೊಂದು ತರಲೆ. ಲಿಂಕ್‌ಗೆ ಅಡಿಗೆರೆ ಬಿದ್ದಾಗ ಅದರಲ್ಲೇ ಕರಗಿ ಖಾಲಿ ಜಾಗದಂತೆ ಕಾಣುತ್ತದೆ. ಅನುಮಾನ ಬಂದರೆ ಲಿಂಕನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಖಾಲಿ ಜಾಗವೇ ಆಗಿದ್ದರೆ ಸಾಮಾನ್ಯವಾಗಿ %20 ಅಂತ ಇರುತ್ತದೆ.

ನನ್ನನ್ನು ಕೇಳಿದರೆ ಫೈಲ್ ಹೆಸರಿಗೆ ಹೈಫನ್ ಒಂದೇ ಸಾಕು. ಪ್ರೋಗ್ರಾಂ ಬರೆಯುವವರ ಕಥೆ ಬೇರೆ, ಎಷ್ಟೋ ಭಾಷೆಗಳಲ್ಲಿ ಹೈಫನ್ ಅಂದರೆ ಕಳೆಯುವ ಲೆಕ್ಕ. ಅಲ್ಲಿ ಅಂಡರ್‌ಸ್ಕೋರ್ ಬೇಕೇ ಬೇಕು.

3. ಕೋಟ್‌ಗಳನ್ನು ನೆಟ್ಟಗೆ ಮಾಡಿ

ಎಂಟರ್‌ನ ಎಡಕ್ಕೆ ನೇರ ಕೋಟ್ ( ' ). ಎಸ್ಕೇಪ್ ಕೆಳಗೆ ಇರುವುದು ಬ್ಯಾಕ್‌ಟಿಕ್ ( ` ), ಅದು ಕೋಟ್ ಅಲ್ಲವೇ ಅಲ್ಲ. ವರ್ಡ್ ನೇರ ಕೋಟನ್ನು ಬಾಗಿಸಿದ ತಕ್ಷಣ ಕಂಟ್ರೋಲ್ ಝಡ್ ಒತ್ತಿದರೆ ಅದೊಂದೇ ನೆಟ್ಟಗಾಗುತ್ತದೆ, ಟೈಪ್ ಮಾಡಿದ್ದು ಹಾಗೇ ಉಳಿಯುತ್ತದೆ. ಪದೇಪದೇ ಕಾಟ ಕೊಟ್ಟರೆ ಆಟೋಕರೆಕ್ಟ್ ಆಯ್ಕೆಗಳಲ್ಲಿ ಸ್ಮಾರ್ಟ್ ಕೋಟ್ಸ್ ಟಿಕ್ ತೆಗೆದುಬಿಡಿ. ಐಫೋನಿನಲ್ಲಿ ಸೆಟಿಂಗ್ಸ್, ಜನರಲ್, ಕೀಬೋರ್ಡ್ ಒಳಗೆ ಹೋಗಿ ಸ್ಮಾರ್ಟ್ ಪಂಕ್ಚುಯೇಶನ್ ಆಫ್ ಮಾಡಿ. ಚಿಹ್ನೆಗಳಿಗೆ ಅಂತ ಸಿಗುವ ಗೊತ್ತುಗುರಿಯಿಲ್ಲದ ಕೀಬೋರ್ಡ್ ಆ್ಯಪ್‌ಗಳನ್ನು ಸುಮ್ನೆ ಹಾಕಿಕೊಳ್ಳಬೇಡಿ. ನೀವು ಒತ್ತಿದ್ದೆಲ್ಲ ಅವುಗಳ ಮೂಲಕವೇ ಹಾದುಹೋಗುತ್ತದೆ, ಅಲ್ವಾ?

4. ಕೋಲನ್, ಸೆಮಿಕೋಲನ್

ಎರಡೂ ಒಂದೇ ಕೀಲಿಯಲ್ಲಿವೆ, ಶಿಫ್ಟ್ ಹಿಡಿದರೆ ಕೋಲನ್ (:). ವಿಂಡೋಸ್ ಫೈಲ್ ಹೆಸರಿನಲ್ಲಿ ಕೋಲನ್ ನಡೆಯುವುದಿಲ್ಲ, ಸೆಮಿಕೋಲನ್ (;) ನಡೆಯುತ್ತದೆ. ಹೆಸರಿಗೆ ಹೊತ್ತು ಸೇರಿಸಬೇಕಿದ್ದರೆ 10:30 ಬಿಟ್ಟು 10-30 ಅಂತ ಹಾಕಿ.