ಬೈಬಲಿನ ಹೀಬ್ರೂ ಕಲಿಯೋಣ, ಕನ್ನಡದ ದಾರಿಯಲ್ಲೇ

ಹನ್ನೆರಡು ವರ್ಷದ ಹಿಂದೆ ಮುಂಬೈಯ ಒಂದು ಸಂಸ್ಥೆಯಲ್ಲಿ ಬೈಬಲಿನ ಹೀಬ್ರೂ ಕಲಿಯಲು ಸೇರಿದ್ದೆ. ಮೊದಲ ದಿನವೇ ಕ್ರಿಯಾಪದದ ಕೋಷ್ಟಕ ಕೈಗೆ ಕೊಟ್ಟರು. ವಿವರಣೆ ಎಲ್ಲ ಇಂಗ್ಲಿಷಿನಲ್ಲಿ. ಐದು ತಿಂಗಳು ಬಾಯಿಪಾಠ ಮಾಡಿದೆ, ಪರೀಕ್ಷೆಯೂ ಪಾಸಾಯಿತು. ಆಮೇಲೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡ ತೆರೆದರೆ ಒಂದು ಸಾಲೂ ಓದಲು ಬರಲಿಲ್ಲ. ಬೇಜಾರಾಗಿ ಪುಸ್ತಕ ಅಟ್ಟಕ್ಕೆ ಹಾಕಿದೆ.

ಅದನ್ನು ಮತ್ತೆ ಕೆಳಗಿಳಿಸಿದ್ದು ಒಂದೇ ಒಂದು ಸಾಲು. ಆದಿಕಾಂಡ 45:3, ಅಂದರೆ 45ನೇ ಅಧ್ಯಾಯದ 3ನೇ ವಚನ. ಈಜಿಪ್ಟಿನಲ್ಲಿ ದೊಡ್ಡ ಅಧಿಕಾರಿಯಾಗಿರುವ ಯೋಸೇಫ ಅಣ್ಣತಮ್ಮಂದಿರ ಎದುರು ತಾನು ಯಾರೆಂದು ಹೇಳಿಬಿಡುತ್ತಾನೆ: "ಅನಿ ಯೋಸೇಫ್. ಹ-ಓದ್ ಅವೀ ಹಾಯ್?" 'ಅನಿ' ಅಂದರೆ ನಾನು. ಇಂಗ್ಲಿಷಿನಲ್ಲಾದರೆ ನಡುವೆ ಒಂದು 'ಆ್ಯಮ್' ಬೇಕು. ಹೀಬ್ರೂಗೆ ಬೇಡ, ನಮಗೂ ಬೇಡ. ನಾನು ಯೋಸೇಫ, ಅಷ್ಟೇ. 'ಓದ್' ಇನ್ನೂ, 'ಅವೀ' ನನ್ನಪ್ಪ, 'ಹಾಯ್' ಬದುಕಿರುವವನು. ಮುಂದಿರುವ 'ಹ' ಪ್ರಶ್ನೆಯ ಗುರುತು. 'ಇದ್ದಾನಾ' ಅನ್ನುವಾಗ ನಾವು ಕೊನೆಯಲ್ಲಿ ಎಳೆಯುವ 'ಆ' ಇದೆಯಲ್ಲ, ಅದರ ಕೆಲಸವನ್ನೇ ಅದು ಮಾಡುತ್ತದೆ.

ಕನ್ನಡಕ್ಕೂ ಹೀಬ್ರೂಗೂ ನೆಂಟಸ್ತಿಕೆ ಏನೂ ಇಲ್ಲ. ಆದರೂ ನೇರವಾಗಿ ಹೋಗುವ ದಾರಿ ಇರುವಾಗ ಇಂಗ್ಲಿಷಿನ ಸುತ್ತು ಯಾಕೆ? ಈಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಐದಾರು ಕನ್ನಡಿಗರು ಸೇರಿ ಕಲಿಯುತ್ತೇವೆ. ನಮಗೆ ಕೈಹಿಡಿದ ಕ್ರಮ ಇದು.

ಮೊದಲು ಒಂದೇ ಭಾಷೆ

ಬೈಬಲಿನ ಮೊದಲ ಭಾಗ ಹಳೆಯ ಒಡಂಬಡಿಕೆ, ಎರಡನೆಯದು ಹೊಸ ಒಡಂಬಡಿಕೆ. ಹಳೆಯದರ ಬಹುಪಾಲು ಹೀಬ್ರೂ. ದಾನಿಯೇಲ ಮತ್ತು ಎಜ್ರ ಪುಸ್ತಕಗಳ ಕೆಲವು ಭಾಗ ಅರಾಮಿಕ್. ಹೊಸ ಒಡಂಬಡಿಕೆ ಕೊಯ್ನೆ ಗ್ರೀಕ್, ಅಂದರೆ ಆ ಕಾಲದ ಜನ ಬಳಸುತ್ತಿದ್ದ ಗ್ರೀಕ್. ಹೀಬ್ರೂ, ಗ್ರೀಕ್ ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ನಿಮಗೆ ಯಾವ ಪುಸ್ತಕ ಓದುವ ಆಸೆ ಜಾಸ್ತಿಯೋ ಅದರ ಭಾಷೆ ಮೊದಲು.

ಅಕ್ಷರಕ್ಕೆ ಎರಡು ವಾರ

ಹೀಬ್ರೂಗೆ 22 ಅಕ್ಷರ, ಎಲ್ಲ ವ್ಯಂಜನ. ಬಲದಿಂದ ಎಡಕ್ಕೆ ಬರೆಯಬೇಕು. ಸ್ವರಕ್ಕೆ ಅಕ್ಷರದ ಕೆಳಗೆ, ಮೇಲೆ ಚುಕ್ಕಿ ಮತ್ತು ಗೀಟು. ಈ ಚುಕ್ಕಿಗಳು ಮೂಲದಲ್ಲಿ ಇರಲಿಲ್ಲ. ಸುಮಾರು 7ರಿಂದ 10ನೇ ಶತಮಾನದ ನಡುವೆ ತಿಬೇರಿಯ ಪಟ್ಟಣದ ಯಹೂದಿ ಪಂಡಿತರು ಓದುವ ಕ್ರಮ ಕೆಡಬಾರದೆಂದು ಸೇರಿಸಿದರು. ಇದನ್ನು ಕಾಗುಣಿತದ ಹಾಗೆ ಕಲಿಸಿ. ಬ, ಬಿ, ಬು, ಬೆ, ಬೊ ಅಂತ ಸ್ಲೇಟಿನ ಮೇಲೆ ತಿದ್ದಿಸಿ. ತಲೆಕಟ್ಟು, ಗುಡಿಸು, ಕೊಂಬು ಬರೆದ ಕೈಗೆ ಇದು ಹೊಸದೇನಲ್ಲ.

ಒಂದು ಕಡೆ ಮಾತ್ರ ನಿಧಾನ ಮಾಡಿ. 'ದಾಲೆತ್' (ದ) ಮತ್ತು 'ರೇಶ್' (ರ) ನೋಡಲು ಹೆಚ್ಚುಕಡಿಮೆ ಒಂದೇ. ದಾಲೆತ್‌ನ ಮೇಲಿನ ಗೀಟು ಮೂಲೆಯಲ್ಲಿ ಚೂರು ಹೊರಗೆ ಚಾಚಿರುತ್ತದೆ. ರೇಶ್ ದುಂಡಗೆ ಬಾಗುತ್ತದೆ. ಆ ಚೂರಿಗೆ ಎಷ್ಟು ಬೆಲೆ ಗೊತ್ತಾ? ಧರ್ಮೋಪದೇಶಕಾಂಡ 6:4ರಲ್ಲಿ ದೇವರು 'ಎಹಾದ್', ಒಬ್ಬನೇ, ಎಂದಿದೆ. ಕೊನೆಯ ದಾಲೆತ್ ರೇಶ್ ಆಗಿಬಿಟ್ಟರೆ ಅದು 'ಅಹೇರ್', ಅಂದರೆ ಬೇರೊಬ್ಬ. ಆ ಗೊಂದಲ ಆಗದಿರಲೆಂದೇ ಲಿಪಿಕಾರರು ಅಲ್ಲಿ ದಾಲೆತ್ ಅನ್ನು ದೊಡ್ಡದಾಗಿ ಬರೆಯುತ್ತಾರೆ ಎಂದು ಹೇಳುವುದುಂಟು. ಇದನ್ನು ತೋರಿಸಿದ ಮೇಲೆ ನಮ್ಮ ಗುಂಪಿನಲ್ಲಿ ಯಾರೂ ಆ ಎರಡಕ್ಷರ ತಪ್ಪಿಲ್ಲ.

ಕೋಷ್ಟಕಕ್ಕಿಂತ ಮೊದಲು ಕೈಕಾಲು

ಮೂರನೇ ವಾರ ಪುಸ್ತಕ ಮುಚ್ಚಿಡಿ. ಮೇಜಿನ ಮೇಲೆ ಒಂದು ಪಾವ್ ಇಡಿ. ಕಲಿಸುವವರು 'ಕೂಮ್' ಅನ್ನುತ್ತಾ ತಾವೇ ಎದ್ದು ನಿಲ್ಲಬೇಕು. 'ಶೇವ್' ಅನ್ನುತ್ತಾ ಕೂರಬೇಕು. 'ಲೇಖ್' ಅಂದರೆ ಹೋಗು. 'ತೇನ್ ಲೀ ಲೆಹೆಮ್' ಅಂದರೆ ನನಗೆ ರೊಟ್ಟಿ ಕೊಡು. ಹೆಂಗಸರಿಗೆ ಹೇಳುವಾಗ 'ಕೂಮೀ', 'ಲೆಖೀ' ಆಗುತ್ತದೆ. ಅನುವಾದ ಹೇಳಲೇಬೇಡಿ. ನೋಡಿ, ಕೇಳಿ, ಮಾಡಲಿ. ಹತ್ತು ನಿಮಿಷದಲ್ಲಿ ಪಾವ್ ಕೈಯಿಂದ ಕೈಗೆ ಓಡಾಡುತ್ತಿರುತ್ತದೆ.

ಹೀಗೆ ಆಜ್ಞೆ ಕೇಳಿ ಮೈಯಾಡಿಸಿ ಕಲಿಯುವ ಕ್ರಮವನ್ನು 1960ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಆಶರ್. ಇಸ್ರೇಲಿನಲ್ಲಿ ರ್ಯಾಂಡಲ್ ಬೂತ್ ಅವರಂಥವರು ಇದನ್ನು ಬೈಬಲಿನ ಭಾಷೆಗಳಿಗೆ ಒಗ್ಗಿಸಿದರು. ಸತ್ತ ಭಾಷೆಗೆ ಮಾತಾಡುವ ಪಾಠ ಯಾಕೆ ಎಂದು ಕೇಳುವವರಿದ್ದಾರೆ. ಕಿವಿಗೆ ಬಿದ್ದ ಪದ ಓದುವಾಗ ತಾನೇ ಎದ್ದು ಬರುತ್ತದೆ, ಅದಕ್ಕೆ. ಈ ಪಾಠ ಶುರುವಾದ ಎರಡನೇ ಭಾನುವಾರ ನಮ್ಮ ಗುಂಪಿನ ಒಬ್ಬ ನರ್ಸ್ ಥಟ್ಟನೆ ಕೇಳಿದರು: "ಹಾಗಾದ್ರೆ ಬೆತ್ಲೆಹೇಮ್ ಅಂದ್ರೆ ರೊಟ್ಟಿ ಮನೆಯಾ?" ಹೌದು. 'ಬೇತ್' ಮನೆ, 'ಲೆಹೆಮ್' ರೊಟ್ಟಿ. ಚಿಕ್ಕಂದಿನಿಂದ ಪ್ರತಿ ಕ್ರಿಸ್‌ಮಸ್‌ಗೂ ಕೇಳಿದ ಹೆಸರು ಅವರಿಗೆ ಅವತ್ತು ತೆರೆದುಕೊಂಡಿತು.

ಪದಗಳು ಲೋಕಲ್ ರೈಲಿನಲ್ಲಿ

ದಿನಕ್ಕೆ ಐದು ಪದ ಸಾಕು. ಚೀಟಿಯ ಒಂದು ಬದಿಗೆ ಹೀಬ್ರೂ, ಇನ್ನೊಂದು ಬದಿಗೆ ಚಿತ್ರ ಅಥವಾ ಕನ್ನಡ. ಇವತ್ತು ನೋಡಿದ್ದನ್ನು ನಾಳೆ, ಮೂರನೇ ದಿನ, ವಾರಕ್ಕೆ, ಹದಿನೈದು ದಿನಕ್ಕೆ ಮತ್ತೆ ನೋಡಿ. ಮೊಬೈಲಿನ ಆಂಕಿ ಆ್ಯಪ್ ಈ ಲೆಕ್ಕವನ್ನು ತಾನೇ ಇಡುತ್ತದೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ, ಅಲ್ವಾ? ಆಗ ಇಯರ್‌ಫೋನ್. ಒಂದೇ ಅಧ್ಯಾಯದ ಧ್ವನಿಮುದ್ರಣವನ್ನು ಒಂದು ವಾರ ಪೂರ್ತಿ ಕೇಳಿ.

ಯಾವ ಪದ ಮೊದಲು? ಜಾಸ್ತಿ ಸಲ ಬರುವುದು ಮೊದಲು. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಒಟ್ಟು ಸುಮಾರು 1,38,000 ಪದಗಳಿವೆ. ಅದರಲ್ಲಿ 50 ಸಲಕ್ಕಿಂತ ಹೆಚ್ಚು ಬರುವ 300 ಚಿಲ್ಲರೆ ಪದ ಗೊತ್ತಿದ್ದರೆ ಪುಟದ ಮೇಲಿನ ಹತ್ತರಲ್ಲಿ ಎಂಟು ಪದ ಪರಿಚಯದವೇ.

ವ್ಯಾಕರಣ ಈಗ, ಅದೂ ಕನ್ನಡದಿಂದ

ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದನ್ನು ನಾವು ಮನೆಯಲ್ಲೇ ಕಲಿತಿದ್ದೇವೆ. 'ಕಾತವ್' ಬರೆದನು, 'ಕಾತೆವಾ' ಬರೆದಳು, 'ಕಾತವ್ತೀ' ಬರೆದೆನು, 'ಕಾತವ್ನೂ' ಬರೆದೆವು. ಯಾರು ಬರೆದದ್ದು ಎಂಬುದು ಪದದ ಬಾಲದಲ್ಲೇ ಇದೆ. 'ನನ್ನ ಬಳಿ ಇದೆ' ಅನ್ನಲು ಹೀಬ್ರೂ 'ಯೇಶ್ ಲೀ' ಅನ್ನುತ್ತದೆ, ಇದೆ ನನಗೆ. ಆದಿಕಾಂಡ 33:9ರಲ್ಲಿ ಏಸಾವ ತಮ್ಮನ ಉಡುಗೊರೆ ಬೇಡವೆನ್ನುವಾಗ 'ಯೇಶ್ ಲೀ ರಾವ್' ಅನ್ನುತ್ತಾನೆ: ನನಗೆ ಬೇಕಾದಷ್ಟಿದೆ.

ಗ್ರೀಕ್ ಹಿಡಿದವರಿಗೆ ವಿಭಕ್ತಿಯೇ ಹೆದರಿಕೆ. ಕನ್ನಡ ಪಕ್ಕದಲ್ಲಿಟ್ಟು ಜೋರಾಗಿ ಓದಿ. ಲೋಗೊಸ್, ಮಾತು. ಲೋಗೂ, ಮಾತಿನ. ಲೋಗೋ, ಮಾತಿಗೆ. ಲೋಗೊನ್, ಮಾತನ್ನು. ಲೋಗೆ, ಮಾತೇ! ಎಲ್ಲ ಕಡೆ ಹೀಗೆ ಸರಿಹೊಂದುವುದಿಲ್ಲ. ನಮ್ಮ 'ಇಂದ', 'ಅಲ್ಲಿ' ಪ್ರತ್ಯಯಗಳ ಕೆಲಸಕ್ಕೆ ಗ್ರೀಕ್ ಹಲವು ಸಲ ಬೇರೆ ಚಿಕ್ಕ ಪದ ಸೇರಿಸುತ್ತದೆ. ಆದರೆ ಪದದ ಬಾಲ ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇದು ಹೊಸ ವಿಚಾರವೂ ಅಲ್ಲ. ಇದೇ ಮುಂಬೈಯಲ್ಲಿ 1832ರಲ್ಲಿ ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್, ಮರಾಠಿ ಮಾತಾಡುವ ಬೆನೆ ಇಸ್ರೇಲ್ ಯಹೂದಿಗಳಿಗಾಗಿ ಮರಾಠಿಯಲ್ಲೇ ಹೀಬ್ರೂ ವ್ಯಾಕರಣ ಹೊರತಂದರು. ಆ ಸಮುದಾಯದ 1796ರ ಪ್ರಾರ್ಥನಾ ಮಂದಿರ 'ಶಾಅರ್ ಹಾರಹಮೀಮ್' ಈಗಲೂ ಮಾಂಡ್ವಿಯ ಇಕ್ಕಟ್ಟಾದ ಬೀದಿಯಲ್ಲಿದೆ. ಹೆಸರಿನ ಅರ್ಥ ಕರುಣೆಯ ಬಾಗಿಲು. ಮೊದಲೇ ಅನುಮತಿ ಕೇಳಿಕೊಂಡು ಒಮ್ಮೆ ಹೋಗಿ ಬನ್ನಿ.

ನಾಲ್ಕನೇ ತಿಂಗಳಿಗೆ ಯೋನ

ಪಠ್ಯಪುಸ್ತಕ ಪೂರ್ತಿ ಮುಗಿಯಲಿ ಎಂದು ಕಾಯಬೇಡಿ. ಹಳೆಯ ಒಡಂಬಡಿಕೆಯ ಪ್ರವಾದಿ ಯೋನನ ಪುಸ್ತಕ ಬರೀ 48 ವಚನ. ಅಪರೂಪದ ಪದಗಳ ಅರ್ಥವನ್ನು ಪುಟದ ಕೆಳಗೇ ಕೊಟ್ಟಿರುವ ಮುದ್ರಣ ಸಿಕ್ಕರೆ ಒಳ್ಳೆಯದು. ಎರಡನೇ ಅಧ್ಯಾಯದ ಪ್ರಾರ್ಥನೆ ಪದ್ಯ, ಕಷ್ಟ. ಮೊದಲ ಸಲ ಬಿಟ್ಟುಬಿಡಿ.

ದೇವರು ಯೋನನಿಗೆ ಹೇಳುವ ಮೊದಲ ಮಾತು 'ಕೂಮ್, ಲೇಖ್ ಎಲ್ ನೀನೆವೇ'. ಪಾವ್ ಹಿಡಿದು ಕಲಿತದ್ದೇ! ಏಳು, ಹೋಗು ನಿನೆವೆಗೆ. ಹೀಬ್ರೂ ಕಥೆಯಲ್ಲಿ ಸಾಮಾನ್ಯವಾಗಿ ಕ್ರಿಯಾಪದವೇ ಮೊದಲು. ಅದನ್ನು ಕನ್ನಡದಲ್ಲೂ ಹಾಗೇ ಇಟ್ಟು ಓದಿ, ಕಥೆ ಹೇಳುವ ಅಜ್ಜಿಯ ಧಾಟಿ ಬರುತ್ತದೆ. 'ವಯ್ಯಾಕೊಮ್ ಯೋನಾ', ಎದ್ದ ಯೋನ. ಮುಂದಿನ ಪದ 'ಹೋದ' ಎಂದೇ ಇರಬೇಕು ಅಂತ ಎಲ್ಲರೂ ಕಾದರು. ಬಂದದ್ದು 'ಲಿವ್ರೋಅಹ್', ಓಡಿಹೋಗಲು. ಕೋಣೆಯೆಲ್ಲ ನಗು. ಆ ನಗುವಿಗೆ ಯಾರೂ ಅನುವಾದ ಮಾಡಿಕೊಟ್ಟಿರಲಿಲ್ಲ. ಮೂರನೇ ಅಧ್ಯಾಯದಲ್ಲಿ ಅದೇ ಆಜ್ಞೆ ಮತ್ತೆ ಬರುತ್ತದೆ. ಈ ಸಲ 'ವಯ್ಯಾಕೊಮ್ ಯೋನಾ, ವಯ್ಯೇಲೆಖ್'. ಎದ್ದ ಯೋನ, ಹೋದ.

ಆಮೇಲೆ ರೂತಳ ಪುಸ್ತಕ, ನಾಲ್ಕೇ ಅಧ್ಯಾಯ. ಬೈಬಲಿನ ಕೀರ್ತನೆಗಳ ಪುಸ್ತಕಕ್ಕೆ ಇನ್ನೊಂದು ವರ್ಷ ತಡೆಯಿರಿ. ನಮ್ಮ ಗುಂಪು ಈಗ ರೂತಳ ಎರಡನೇ ಅಧ್ಯಾಯದಲ್ಲಿದೆ. ವಾರಕ್ಕೆ ಐದು ವಚನದ ಲೆಕ್ಕದಲ್ಲಿ, ಅವಳ ಜೊತೆ ಜವೆಗೋಧಿ ಹೊಲದಲ್ಲಿ ತೆನೆ ಆರಿಸುತ್ತಿದ್ದೇವೆ.