ಹೊಕ್ಕೈಡೊದಲ್ಲಿ ಐದು ದಿನ: ಲಿಫ್ಟ್ ಬಿಟ್ಟು ಬೆಟ್ಟ ಹತ್ತುವ ಸ್ಕೀ ಪ್ರವಾಸಕ್ಕೆ ತಯಾರಿ

ಒಂಬತ್ತು ದಿನ ರಜೆ. ಹೋಗಿಬರುವುದಕ್ಕೇ ಮೂರು ದಿನ ಕಳೆದರೆ ಉಳಿಯುವುದು ಐದಾರು. ಲಿಫ್ಟಿಲ್ಲದ ಬೆಟ್ಟಗಳಲ್ಲಿ ಸ್ಕೀ ಮಾಡುವ ಇಂಥ ಚಿಕ್ಕ ಬ್ಯಾಕ್‌ಕಂಟ್ರಿ ಪ್ರವಾಸದ ನಿಜವಾದ ತೊಂದರೆ ಚಳಿಯಲ್ಲ, ಈ ಲೆಕ್ಕ. ಎರಡು ದಿನ ಹಿಮಗಾಳಿ ಕೋಣೆಯಲ್ಲೇ ಕೂರಿಸಿತು ಅಂದರೆ ಮೂರನೆಯ ದಿನ ಬೆಳಿಗ್ಗೆ ಯಾರಾದರೊಬ್ಬರು "ಇಷ್ಟು ದುಡ್ಡು ಸುರಿದು ಬಂದಿದ್ದೇವೆ" ಅಂದೇ ಅನ್ನುತ್ತಾರೆ. ಹೊಸದಾಗಿ ಬಿದ್ದ ಹಿಮ ಇನ್ನೂ ಕಚ್ಚಿಕೊಳ್ಳದೆ ಜಾರಲು ಕಾದಿರುವುದೂ ಅದೇ ದಿನ. ಹಾಗಾಗಿ ಪ್ರತಿ ದಿನಕ್ಕೂ ಎರಡು ದಾರಿ ಬರೆದಿಟ್ಟುಕೊಂಡೇ ಹೊರಡಿ: ಒಂದು ಹೋಗಬೇಕು ಅಂತ ಆಸೆಯಿರುವ ಬೆಟ್ಟ, ಇನ್ನೊಂದು ಎಂಥ ಹಿಮ ಬಿದ್ದರೂ ಹೋಗಬಹುದಾದ, 25 ಡಿಗ್ರಿಗಿಂತ ಕಡಿಮೆ ಇಳಿಜಾರಿನ ಕಾಡು. ಎರಡನೆಯದನ್ನು ಮೊದಲು ಹುಡುಕಿ.

ಈ ಲೆಕ್ಕಕ್ಕೆ ಜಪಾನಿನ ಹೊಕ್ಕೈಡೊ, ಅದರಲ್ಲೂ ನಿಸೆಕೊ ಸುತ್ತಮುತ್ತ, ಚೆನ್ನಾಗಿ ಒಗ್ಗುತ್ತದೆ. ಎತ್ತರ ಕಡಿಮೆ, ಆನ್ನುಪುರಿ ಶಿಖರವೇ 1308 ಮೀಟರ್. ಉಸಿರಾಟ ಹೊಂದಿಸಿಕೊಳ್ಳಲು ದಿನ ವ್ಯರ್ಥವಾಗುವುದಿಲ್ಲ. ಬರ್ಚ್ ಮರಗಳು ಬಿಡಿಬಿಡಿಯಾಗಿ ಬೆಳೆದಿರುವುದರಿಂದ ಬಿಳಿ ಮಬ್ಬಿನಲ್ಲೂ ನೆಲ ಯಾವುದು, ಆಕಾಶ ಯಾವುದು ಅಂತ ಗೊತ್ತಾಗುತ್ತದೆ. ಸೈಬೀರಿಯಾ ಕಡೆಯಿಂದ ಬರುವ ವಾಯವ್ಯ ಗಾಳಿ ಜಪಾನ್ ಸಮುದ್ರದ ತೇವ ಹೀರಿಕೊಂಡು ಬಂದು ಇಲ್ಲಿ ಸುರಿಯುತ್ತದೆ. ಜನವರಿಯಲ್ಲಿ ಬಿಸಿಲು ಕಾಣುವುದೇ ಅಪರೂಪ.

ಯಾವಾಗ ಹೋಗಬೇಕು? ಆಳವಾದ ಪುಡಿ ಹಿಮ ಬೇಕಿದ್ದರೆ ಜನವರಿ ಮಧ್ಯದಿಂದ ಫೆಬ್ರವರಿ ಮಧ್ಯ. ಶಿಖರ ಕಾಣಬೇಕು, ದೂರ ನಡೆಯಬೇಕು ಅನ್ನುವವರಿಗೆ ಫೆಬ್ರವರಿ ಕೊನೆ, ಮಾರ್ಚ್. ಚೀನೀ ಹೊಸ ವರ್ಷದ ವಾರ ತಪ್ಪಿಸಿ. ಕೋಣೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೇಳುವ ಹಾಗಿರುವುದಿಲ್ಲ. ಡಿಸೆಂಬರ್‌ನಲ್ಲಿ ಸಾಸಾ ಎಂಬ ಗಿಡ್ಡ ಬಿದಿರು ಇನ್ನೂ ಹಿಮದಡಿ ಪೂರ್ತಿ ಮುಚ್ಚಿರುವುದಿಲ್ಲ, ಸ್ಕೀ ತುದಿ ಅದಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ.

ಯಾರು ಹೋಗಬಹುದು

ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿಯುವವರಿಗೆ 400 ಮೀಟರ್ ಏರು ಅಂದರೆ ನಗು ಬರಬಹುದು. ಹತ್ತುವುದು ನಿಜಕ್ಕೂ ದೊಡ್ಡ ವಿಷಯವಲ್ಲ. ದಣಿದ ಕಾಲಲ್ಲಿ, ಎಂಟು ಕಿಲೋ ಚೀಲ ಹೊತ್ತು, ಮೊಣಕಾಲಾಳದ ಹಿಮದಲ್ಲಿ ಮರಗಳ ನಡುವೆ ಬೇಕಾದ ಜಾಗದಲ್ಲಿ ತಿರುಗಿ ನಿಲ್ಲುವುದು ವಿಷಯ. ಅದಿನ್ನೂ ಬರದಿದ್ದರೆ ಮೊದಲು ಗುಲ್ಮಾರ್ಗ್‌ನಲ್ಲಿ ಎರಡು ಚಳಿಗಾಲ ಕಳೆಯಿರಿ. ಅಲ್ಲಿನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಸ್ಕೀ ಕೋರ್ಸ್ ನಡೆಸುತ್ತದೆ. ಗುಂಪಿಗೆ ಮೂರು ಅಥವಾ ನಾಲ್ಕು ಜನ ಸರಿ. ಇಬ್ಬರೇ ಇದ್ದು ಒಬ್ಬರು ಹೂತುಹೋದರೆ ಅಗೆಯಲು ಉಳಿಯುವುದು ಒಂದೇ ಸಲಿಕೆ. ಆರು ಜನವಾದರೆ ಪ್ರತಿ ನಿಲುಗಡೆಯೂ ಅರ್ಧ ಗಂಟೆ. ಎಲ್ಲರಿಗೂ ಮೊದಲ ಸಲವಾದರೆ ಕನಿಷ್ಠ ಎರಡು ದಿನಕ್ಕೆ ಸ್ಥಳೀಯ ಗೈಡ್ ಇರಲಿ. ಖರ್ಚು ಕಡಿಮೆ ಮಾಡಲೇಬೇಕಿದ್ದರೆ ಹೋಟೆಲಿನಲ್ಲಿ ಮಾಡಿ, ಗೈಡಿನಲ್ಲಿ ಬೇಡ.

ಕಾಗದ, ವಿಮಾನ, ವಿಮೆ

ಪ್ರವಾಸಿ ವೀಸಾ ಮೊದಲೇ ಮಾಡಿಸಬೇಕು. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಅಲ್ಲಿಂದ ಒಳನಾಡಿನ ವಿಮಾನದಲ್ಲಿ ನ್ಯೂ ಚಿತೋಸೆ, ಮುಂದೆ ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ. ಸಂಪರ್ಕ ವಿಮಾನಕ್ಕೆ ಒಂದೂವರೆ ಗಂಟೆ ಮಾತ್ರ ಬಿಡುವ ಟಿಕೆಟ್ ಅಗ್ಗವಾಗಿ ಕಂಡರೂ ಬೇಡ. ಭಾರೀ ಹಿಮ ಬಿದ್ದರೆ ನ್ಯೂ ಚಿತೋಸೆ ವಿಮಾನ ನಿಲ್ದಾಣವೇ ನಿಂತುಬಿಡುತ್ತದೆ. ವಾಪಸಾಗುವ ಹಿಂದಿನ ರಾತ್ರಿ ಬೆಟ್ಟದಲ್ಲಿರದೆ ಸಪ್ಪೊರೊದಲ್ಲೋ ವಿಮಾನ ನಿಲ್ದಾಣದ ಬಳಿಯೋ ಇರಿ.

ಸ್ಕೀ ಬೂಟು ಯಾವತ್ತೂ ಕೈಚೀಲದಲ್ಲೇ ಬರಲಿ. ಲಗೇಜು ಕಳೆದರೆ ಸ್ಕೀ ಬಾಡಿಗೆಗೆ ಸಿಗುತ್ತದೆ, ನಿಮ್ಮ ಪಾದಕ್ಕೆ ಹೊಂದಿಕೊಂಡ ಬೂಟು ಸಿಗುವುದಿಲ್ಲ. ಹಿಮಕುಸಿತದ ಏರ್‌ಬ್ಯಾಗಿನಲ್ಲಿ ಅನಿಲದ ಸಿಲಿಂಡರ್ ಇದ್ದರೆ ಏರ್‌ಲೈನಿನ ಒಪ್ಪಿಗೆ ಬರಹದಲ್ಲಿ ಪಡೆದು, ಮುದ್ರಿಸಿ ಜೊತೆಗಿಟ್ಟುಕೊಳ್ಳಿ. ಭದ್ರತಾ ತಪಾಸಣೆಯ ಸಿಬ್ಬಂದಿ ಇಂಥದ್ದನ್ನು ದಿನಾ ನೋಡುವವರಲ್ಲ.

ಕಾರು ಓಡಿಸುವುದಿದ್ದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಅಲ್ಲಿ ನಡೆಯುತ್ತದೆ, ರಸ್ತೆಯೂ ನಮ್ಮ ಹಾಗೆ ಎಡಗಡೆಯದೇ. ಆದರೆ ಮಂಜುಗಟ್ಟಿದ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೂ ಕಾರು ತನ್ನ ಪಾಡಿಗೆ ಮುಂದೆ ಹೋಗುವ ಅನುಭವ ಇಲ್ಲದವರು ಬಸ್ಸನ್ನೇ ನೆಚ್ಚಿಕೊಳ್ಳುವುದು ಮೇಲು.

ವಿಮೆಯ ಪಾಲಿಸಿಯಲ್ಲಿ "ಚಳಿಗಾಲದ ಕ್ರೀಡೆ" ಅಂತ ಇದ್ದರೆ ಸಾಲದು. ಸ್ಕೀ ಪ್ರದೇಶದ ಗಡಿಯಾಚೆಯ ಸ್ಕೀಯಿಂಗ್, ಗೈಡ್ ಇಲ್ಲದ ಟೂರಿಂಗ್ (ಸ್ಕೀ ಹಾಕಿಕೊಂಡೇ ಬೆಟ್ಟ ಹತ್ತಿ ಇಳಿಯುವುದು), ಹುಡುಕಾಟ ಮತ್ತು ರಕ್ಷಣೆ: ಈ ಮೂರೂ ಸೇರಿವೆಯೇ ಅಂತ ಇಮೇಲಿನಲ್ಲಿ ಕೇಳಿ ಉತ್ತರ ಪಡೆಯಿರಿ. ನಿಸೆಕೊದಲ್ಲಿ ಸ್ಕೀ ಪ್ರದೇಶದ ಹೊರಗೆ ನಡೆಯುವ ರಕ್ಷಣೆಯ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡುತ್ತಾರೆ.

ಸಾಮಾನು

ಪ್ರತಿಯೊಬ್ಬರ ಬಳಿಯೂ ಮೂರು ಆಂಟೆನಾದ ಬೀಕನ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಕನಿಷ್ಠ 240 ಸೆಂ.ಮೀ. ಉದ್ದದ, ಹಿಮಕ್ಕೆ ಚುಚ್ಚಿ ಹುಡುಕುವ ಕೋಲು ಅಂದರೆ ಪ್ರೋಬ್ (ಇಲ್ಲಿನ ಆಳಕ್ಕೆ 300 ಆದರೆ ವಾಸಿ), ಲೋಹದ ಸಲಿಕೆ ಇರಲೇಬೇಕು. ಪ್ಲಾಸ್ಟಿಕ್ ಸಲಿಕೆ ಕುಸಿದ ಹಿಮದ ಮುಂದೆ ನಡೆಯದು; ಜಾರಿ ಬಂದು ನಿಂತ ಕ್ಷಣವೇ ಆ ಹಿಮ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಬೀಕನ್‌ಗೆ ತಯಾರಕರು ಹೇಳಿದ ಬ್ಯಾಟರಿಯನ್ನೇ ಹಾಕಿ, ಸಾಮಾನ್ಯವಾಗಿ ಅದು ಆಲ್ಕಲೈನ್. ಮೊಬೈಲು, ಬಿಸಿ ಕೈಗವಸು, ಕ್ಯಾಮೆರಾ ಇವೆಲ್ಲ ಬೀಕನ್‌ನಿಂದ 20 ಸೆಂ.ಮೀ. ದೂರ; ಹುಡುಕುವಾಗ 50 ಸೆಂ.ಮೀ. ಬೀಕನ್ ಎದೆಯ ಮೇಲಿದ್ದರೆ ಮೊಬೈಲು ಪ್ಯಾಂಟಿನ ಜೇಬಿಗೆ.

ಸ್ಕೀ ನಡುಭಾಗದಲ್ಲಿ 105ರಿಂದ 115 ಮಿ.ಮೀ. ಅಗಲವಿರಲಿ. ಸ್ಕಿನ್ (ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿ) ಕತ್ತರಿಸುವಾಗ ಎರಡೂ ಕಡೆ ಲೋಹದ ಅಂಚು ಕಾಣಬೇಕು, ಅಷ್ಟೇ. ಅಂಚನ್ನೂ ಮುಚ್ಚಿದರೆ ಗಟ್ಟಿ ಹಿಮದಲ್ಲಿ ಅಡ್ಡ ಜಾರುತ್ತೀರಿ, ತೀರಾ ಕಿರಿದಾಗಿ ಕತ್ತರಿಸಿದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತೀರಿ. ಗುಂಪಿಗೆ ನಾಲ್ಕು ರಬ್ಬರ್ ಸ್ಕೀ ಪಟ್ಟಿ, ಒಂದು ಜೊತೆ ಹೆಚ್ಚುವರಿ ಕೈಗವಸು, ಬೈಂಡಿಂಗಿಗೆ (ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ) ಹೊಂದುವ ಸ್ಕ್ರೂಡ್ರೈವರ್, ತಂತಿ, ಗಟ್ಟಿ ಟೇಪು. ನೀರಿನ ಪೈಪು ಇರುವ ಚೀಲ ತರಬೇಡಿ, ಪೈಪಿನಲ್ಲೇ ನೀರು ಗಡ್ಡೆಕಟ್ಟುತ್ತದೆ. ಒಂದು ಲೀಟರ್ ಫ್ಲಾಸ್ಕಿನಲ್ಲಿ ಬಿಸಿ ನೀರು ಸಾಕು. ಎನರ್ಜಿ ಬಾರುಗಳು -12 ಡಿಗ್ರಿಯಲ್ಲಿ ಹಲ್ಲು ಮುರಿಯುವಷ್ಟು ಗಟ್ಟಿ. ಮನೆಯಿಂದ ಒಯ್ದ ಶೇಂಗಾ ಚಿಕ್ಕಿ ಹೇಗೂ ಒಡೆದೇ ತಿನ್ನುವಂಥದ್ದು, ಅದಕ್ಕೆ ಚಳಿಯ ಹಂಗಿಲ್ಲ. ಸಸ್ಯಾಹಾರಿಗಳು ಇದನ್ನು ಧಾರಾಳವಾಗಿಯೇ ಒಯ್ಯಲಿ: ಅಂಗಡಿಯ ಅನ್ನದುಂಡೆಯಲ್ಲಿ, ಸಾರಿನಲ್ಲಿ ಮೀನಿನ ರಸ ಎಲ್ಲಿ ಅಡಗಿದೆ ಅಂತ ಹೇಳುವುದು ಕಷ್ಟ.

ನಕ್ಷೆಯ ಮೇಲೆ ಇಳಿಜಾರು ಅಳೆಯುವುದು

ಇದು ಮನೆಯಲ್ಲೇ ಮುಗಿಯಬೇಕಾದ ಕೆಲಸ. ಜಪಾನಿನ ಸರ್ಕಾರಿ ಭೂಮಾಪನ ಸಂಸ್ಥೆಯ 1:25,000 ನಕ್ಷೆಗಳು ಅಂತರ್ಜಾಲದಲ್ಲಿ ಉಚಿತ. ಪ್ರತಿ 10 ಮೀಟರಿಗೆ ಒಂದು ಸಮೋನ್ನತ ರೇಖೆ, ಪ್ರತಿ 50 ಮೀಟರಿಗೆ ಒಂದು ದಪ್ಪ ರೇಖೆ. ಅದೇ ಅಳತೆಯಲ್ಲಿ ಮುದ್ರಿಸಿಕೊಂಡು ಎರಡು ದಪ್ಪ ರೇಖೆಗಳ ನಡುವಿನ ದೂರವನ್ನು ಸ್ಕೇಲಿನಲ್ಲಿ ಅಳೆಯಿರಿ. 4.3 ಮಿ.ಮೀ. ಇದ್ದರೆ 25 ಡಿಗ್ರಿ, 3.5 ಇದ್ದರೆ 30, 2.4 ಇದ್ದರೆ 40. ಪದರ ಹಿಮಕುಸಿತಗಳು ಬಹುಪಾಲು ಆಗುವುದು 30ರಿಂದ 45 ಡಿಗ್ರಿಯಲ್ಲಿ. ದಪ್ಪ ರೇಖೆಗಳು 3.5 ಮಿ.ಮೀ.ಗಿಂತ ಹತ್ತಿರವಾದ ಕಡೆಗೆಲ್ಲ ಕೆಂಪು ಪೆನ್ಸಿಲ್ ಎಳೆಯಿರಿ. ನಿಮ್ಮ ದಾರಿ ಅಲ್ಲಿ ಇಲ್ಲದಿದ್ದರೂ ಅದರ ಕೆಳಗೆ ಹಾದುಹೋದರೆ ಅದೂ ಕೆಂಪೇ. ಹಳ್ಳದ ತಳವನ್ನೂ ಕೆಂಪು ಮಾಡಿ. ಸಣ್ಣ ಕುಸಿತವೂ ಅಲ್ಲಿ ಆಳವಾಗಿ ಹೂಳುತ್ತದೆ. ನಕ್ಷೆಗೆ 10 ಮೀಟರಿಗಿಂತ ಸಣ್ಣ ದಿಬ್ಬಗಳು ಕಾಣುವುದಿಲ್ಲ ಅನ್ನುವುದು ನೆನಪಿರಲಿ. ನಿಂತ ಜಾಗದಲ್ಲೂ ಕೋನಮಾಪಕದಿಂದ ಒಮ್ಮೆ ನೋಡಬೇಕು.

ಸಮಯದ ಲೆಕ್ಕ ಸುಲಭ. ಕಿ.ಮೀ. ದೂರಕ್ಕೆ ಏರಿನ ನೂರು ಮೀಟರುಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಗಂಟೆ ಬರುತ್ತದೆ. ಗೋಶಿಕಿ ಓನ್ಸೆನ್ ಎಂಬ ಬಿಸಿನೀರ ಬುಗ್ಗೆಯ ತಾಣ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 1116 ಮೀಟರಿನ ಇವಾವೊನುಪುರಿ ಶಿಖರಕ್ಕೆ ನಿಮ್ಮ ದಾರಿ ಎರಡು ಕಿ.ಮೀ. ಬಂದರೆ, 2 ಕೂಡಿಸು 3.7, ಭಾಗಿಸು 4; ಹೆಚ್ಚುಕಡಿಮೆ ಒಂದೂವರೆ ಗಂಟೆ. ಇದು ಜಾಡು ಇದ್ದರೆ. ಹೊಸ ಹಿಮದಲ್ಲಿ ನೀವೇ ಜಾಡು ಮಾಡುತ್ತ ಹೋಗುವುದಾದರೆ ಎರಡರಿಂದ ಭಾಗಿಸಿ: ಮೂರು ಗಂಟೆ. ಜನವರಿ ಮಧ್ಯದಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಶಿಖರ ಸಿಗಲಿ ಬಿಡಲಿ, ಮಧ್ಯಾಹ್ನ ಒಂದು ಗಂಟೆಗೆ ಹಿಂತಿರುಗಬೇಕು.

ಯೊತೆಯಿ (1898 ಮೀ.) ಊರಿನ ಯಾವ ಕಿಟಕಿಯಿಂದ ನೋಡಿದರೂ ಕಾಣುತ್ತದೆ, ಕರೆಯುತ್ತದೆ. 1500 ಮೀಟರಿಗೂ ಹೆಚ್ಚು ಏರು, ಮೇಲೆ ಗಾಳಿ ಉಜ್ಜಿದ ಮಂಜುಗಡ್ಡೆ. ಮೊದಲ ಪ್ರವಾಸದ ಪಟ್ಟಿಯಲ್ಲಿ ಅದನ್ನು ಬರೆಯಲೇಬೇಡಿ.

ದಿನಗಳ ಹಂಚಿಕೆ

ಮೊದಲ ದಿನ ಲಿಫ್ಟಿನ ಮೇಲೆ. ಬಾಡಿಗೆ ಸ್ಕೀ ಇದ್ದರೆ ಬೈಂಡಿಂಗ್ ನಿಮ್ಮ ಬೂಟಿಗೆ ಹೊಂದಿದೆಯೇ, ಸ್ಕಿನ್‌ನ ಅಂಟು ಹಿಡಿಯುತ್ತದೆಯೇ ಎಂದು ಊರೊಳಗೇ ಗೊತ್ತಾಗಲಿ. ಸಂಜೆ ಬೀಕನ್ ಅಭ್ಯಾಸ. ಎರಡನೆಯ ದಿನ ಗೈಡ್ ಜೊತೆ ಗೇಟ್ ದಾಟಿ. ಸ್ಕೀ ಪ್ರದೇಶದಿಂದ ಹೊರಗೆ ಹೋಗಲು ಗುರುತು ಮಾಡಿದ ಗೇಟುಗಳಿಂದ ಮಾತ್ರ ಅವಕಾಶ. ಹಗ್ಗದಡಿ ನುಸುಳುವುದು ನಿಷಿದ್ಧ, ಗೇಟು ಮುಚ್ಚಿದ್ದರೆ ಮುಗಿಯಿತು. ಪ್ರತಿದಿನ ಬೆಳಿಗ್ಗೆ ನಿಸೆಕೊದ ಹಿಮಕುಸಿತ ಮಾಹಿತಿ ಪ್ರಕಟವಾಗುತ್ತದೆ. ಅದರಲ್ಲಿ ರಾತ್ರಿಯ ಗಾಳಿಯ ದಿಕ್ಕನ್ನು ಮೊದಲು ಓದಿ. ವಾಯವ್ಯದಿಂದ ಬಿರುಸಾಗಿ ಬೀಸಿದ್ದರೆ ಆಗ್ನೇಯದ ಇಳಿಜಾರುಗಳ ಮೇಲೆ ಹಿಮ ಪದರಗಟ್ಟಿ ಕೂತಿರುತ್ತದೆ.

ಮೂರು, ನಾಲ್ಕನೆಯ ದಿನ ಟೂರಿಂಗ್, ಐದನೆಯದು ಹವಾಮಾನಕ್ಕೆ ಮೀಸಲು. ಹೊರಡುವ ಮೊದಲು ಹೊಕ್ಕೈಡೊ ಪೊಲೀಸರಿಗೆ ಪರ್ವತಾರೋಹಣದ ಸೂಚನಾಪತ್ರ ಸಲ್ಲಿಸಿ, ಹೋಟೆಲಿನಲ್ಲಿ ಒಂದು ಪ್ರತಿ ಬಿಡಿ. ಪೊಲೀಸ್ 110, ಅಂಬ್ಯುಲೆನ್ಸ್ 119.

ಎಲ್ಲಿ ಎಡವಟ್ಟಾಗುತ್ತದೆ

ಹೆಚ್ಚಾಗಿ ಬದಲಾವಣೆಯ ಹೊತ್ತಿನಲ್ಲಿ, ಅಂದರೆ ಹತ್ತುವುದು ನಿಲ್ಲಿಸಿ ಇಳಿಯಲು ಸಜ್ಜಾಗುವ ಆ ಹತ್ತು ನಿಮಿಷದಲ್ಲಿ. ಕ್ರಮ ಹೀಗಿರಲಿ: ಮೊದಲು ಬೆಚ್ಚನೆಯ ಜಾಕೆಟ್, ಆಮೇಲೆ ಒಂದು ಸ್ಕೀ ಮಾತ್ರ ಬಿಚ್ಚಿ. ಸ್ಕಿನ್ ಕಿತ್ತು, ಅಂಟಿನ ಮುಖ ಒಳಗಾಗುವಂತೆ ಮಡಚಿ, ಜಾಕೆಟಿನ ಒಳಗೆ ಹೊಟ್ಟೆಗೆ ಒತ್ತಿ ಇಡಿ. ಚೀಲದಲ್ಲಿಟ್ಟರೆ ಅಂಟು ತಣ್ಣಗಾಗಿ ಎರಡನೆಯ ಏರಿಗೆ ಹಿಡಿಯುವುದಿಲ್ಲ. ಆಗಲೇ ರಬ್ಬರ್ ಪಟ್ಟಿ ಸುತ್ತಿಕೊಂಡು ಊರಿಗೆ ಮರಳಬೇಕಾಗುವುದು.

ಈಗ ಬೈಂಡಿಂಗ್. ಬೂಟಿನ ಮೂತಿಯನ್ನು ಎರಡು ಪಿನ್ನುಗಳಿಂದ ಹಿಡಿಯುವ ಪಿನ್ ಬೈಂಡಿಂಗಿನ ಮುಂಭಾಗದ ಎರಡು ರೆಕ್ಕೆಗಳ ಅಡಿ, ಸ್ಪ್ರಿಂಗ್ ಇರುವ ಕಡೆ, ಬೂಟಿನಡಿ ತುಳಿದ ಹಿಮ ಬಿಳಿ ಬಿಲ್ಲೆಯಾಗಿ ಗಟ್ಟಿಯಾಗಿರುತ್ತದೆ. ಮೇಲಿನಿಂದ ನೋಡಿದರೆ ಕಾಣದು. ಅದಿದ್ದರೆ ರೆಕ್ಕೆ ಪೂರ್ತಿ ಮುಚ್ಚದು, ಪಿನ್ನು ಬೂಟಿನ ಕುಳಿಯಲ್ಲಿ ಅರ್ಧವೇ ಕೂರುತ್ತದೆ. 'ಟಕ್' ಅಂತ ಸದ್ದು ಬಂದರೂ ಮೊದಲ ತಿರುವಿನಲ್ಲೇ ಸ್ಕೀ ಕಳಚುತ್ತದೆ. ಕೋಲಿನ ಮೊನೆಯಿಂದ ಕೆರೆದು, ಬೂಟಿನ ಕುಳಿಗಳನ್ನೂ ತಂತಿಯಿಂದ ಶುಚಿ ಮಾಡಿ, ಮುಂಭಾಗ ಕೂರಿಸಿದ ಮೇಲೆ ಹಿಮ್ಮಡಿ ಎತ್ತಿ ಎರಡು ಮೂರು ಸಲ ಆಡಿಸಿ. ಆಮೇಲೆ ಹಿಮ್ಮಡಿ ಒತ್ತಿ. ಇನ್ನೊಂದು ಕಾಲಿಗೂ ಇದೇ.

ಇಳಿಯುವಾಗ ಜೋಡಿ ಜೋಡಿಯಾಗಿ, ಒಬ್ಬರಿಗೊಬ್ಬರು ಕಾಣುವ ಅಂತರದಲ್ಲಿ. ದಟ್ಟ ರೆಂಬೆಯ ಮರಗಳ ಬುಡದಲ್ಲಿ ಹಿಮ ತುಂಬದ ಗುಂಡಿ ಇರುತ್ತದೆ. ತಲೆಕೆಳಗಾಗಿ ಬಿದ್ದವರು ತಾವಾಗಿ ಹೊರಬರಲಾರರು, ಒದ್ದಾಡಿದಷ್ಟೂ ಹಿಮ ಮೇಲೆ ಸುರಿಯುತ್ತದೆ. ಬೀಳುತ್ತಿದ್ದೀರಿ ಅನ್ನಿಸಿದರೆ ಕಾಂಡವನ್ನೋ ರೆಂಬೆಯನ್ನೋ ಅಪ್ಪಿಕೊಳ್ಳಿ. ಇಳಿಜಾರಿನಲ್ಲಿ ಕಂದು ಬಾಯಿ ತೆರೆದ ಬಿರುಕು ಕಂಡರೆ ಅದರ ಕೆಳಗೆ ಹೋಗಬೇಡಿ. ಅಡ್ಡ ಮಲಗಿದ ಸಾಸಾ ಎಲೆಗಳ ಮೇಲೆ ಇಡೀ ಹಿಮರಾಶಿ ಜಾರಲು ಶುರುಮಾಡಿದೆ ಅಂತ ಅರ್ಥ. ಯಾವಾಗ ಬೀಳುತ್ತದೆ ಅಂತ ಯಾರೂ ಹೇಳಲಾರರು.

ಕುಸಿತದಲ್ಲಿ ಒಬ್ಬರು ಹೂತರೆ ಮೊದಲ ಹತ್ತು ನಿಮಿಷವೇ ಎಲ್ಲ. ಕೊನೆಯದಾಗಿ ಕಂಡ ಜಾಗ ಗುರುತಿಟ್ಟುಕೊಳ್ಳಿ, ಉಳಿದವರೆಲ್ಲ ಬೀಕನ್ ಅನ್ನು ಹುಡುಕುವ ಸ್ಥಿತಿಗೆ ತಿರುಗಿಸಿ. ಸೂಚಕ ಮೂರು ಮೀಟರಿಗೆ ಇಳಿದ ಮೇಲೆ ಬೀಕನ್ ಅನ್ನು ಹಿಮಕ್ಕೆ ತಾಗಿಸಿಕೊಂಡು ನಿಧಾನವಾಗಿ ಸರಿಸಿ. ಅತಿ ಕಡಿಮೆ ಅಂಕಿ ಬಂದ ಜಾಗದಿಂದ ಸುರುಳಿಯಾಗಿ 25 ಸೆಂ.ಮೀ. ಅಂತರದಲ್ಲಿ ಪ್ರೋಬ್ ಚುಚ್ಚಿ. ತಾಗಿದರೆ ಪ್ರೋಬ್ ಅಲ್ಲೇ ಬಿಟ್ಟು, ಆಳದ ಒಂದೂವರೆ ಪಟ್ಟು ಕೆಳಗೆ ಸರಿದು ಅಡ್ಡಲಾಗಿ ಅಗೆಯಿರಿ. ನೇರ ಮೇಲಿನಿಂದ ಅಗೆದರೆ ಅವರ ಉಸಿರಿನ ಜಾಗದ ಮೇಲೆ ನೀವೇ ನಿಂತಿರುತ್ತೀರಿ.

ಊರಿಗೆ ಮರಳಿದ ಮೇಲೆ ಸ್ಕಿನ್‌ಗಳನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ. ಬೆಂಗಳೂರಿನ ಮಳೆಗಾಲ ಶುರುವಾಗುವ ಮೊದಲು ಸ್ಕೀಗಳ ಲೋಹದ ಅಂಚುಗಳಿಗೆ ಮೇಣ ದಪ್ಪಗೆ ಬಳಿದು ಹಾಗೇ ಬಿಡಿ. ಬೀಕನ್‌ನ ಬ್ಯಾಟರಿ ತೆಗೆದಿಡಿ, ಸೋರಿದ ಬ್ಯಾಟರಿ ಅದರ ಒಳಗನ್ನೇ ತಿಂದುಹಾಕುತ್ತದೆ.